ನೀವ ಮುಂದ ನಡೀರಿ, ಬೀಗರ

ಒಂದು ಕೂಸಿಗೆ ಇಬ್ಬರು ಅಜ್ಜಂದಿರು ಯಾಕೆ ಬೇಕು ಎನ್ನುವುದು ನನಗೆ ಇಂದಿಗೂ ತಿಳಿದಿಲ್ಲ. ಒಬ್ಬ ಸಾಕು. ಆ ಒಬ್ಬ ಯಾರಾಗಬೇಕು ಎಂದು ನೀವು ಕೇಳಿದರೆ ನಾನು ನಾಚಿಕೊಂಡು ಸುಮ್ಮನಿರುತ್ತೇನೆ, ನೀವೇ ತಿಳಿದುಕೊಳ್ಳಬೇಕು. ನಾನು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಆದರೂ ನನ್ನ ಮೊಮ್ಮಗಳಾದ ಸೃಷ್ಟಿಯ ಬಗ್ಗೆ ನಾನು ಬರೆಯಲು ಕುಳಿತರೆ ಇನ್ನೂರು ಪುಟದ ನೋಟುಬುಕ್ಕೂ ಸಾಲದು. ಹನ್ನೆರಡು ವರ್ಷದವಳು, ಹುಕ್ಕೇರಿಯಲ್ಲಿ ನನ್ನ ಮಗ ಸೊಸೆಯ ಜೊತೆ ಇರುತ್ತಾಳೆ. ನಕ್ಕರೆ ನನ್ನದೇ ನಗು, ನಡೆದರೆ ನನ್ನದೇ ನಡಿಗೆ. ಮೂಗು ಮಾತ್ರ ಮೂಡಲಗಿಯದು. ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ.

ಮೂಡಲಗಿಯದು ಎಂದರೆ ಸೊಸೆಯ ತಂದೆ, ನನ್ನ ಬೀಗರಾದ ರುದ್ರಪ್ಪನವರದು. ದನದ ಸಂತೆಯಲ್ಲಿ ಒಂದೇ ಎತ್ತಿನ ಮೇಲೆ ಇಬ್ಬರೂ ಕಣ್ಣು ಹಾಕಿ, ಜಗಳಾಡಿ, ಚಹಾ ಕುಡಿದು ಗೆಳೆಯರಾದವರು ನಾವು. ಬೀಗತನ ಆಮೇಲಿನದು. ಒಳ್ಳೆಯ ಮನುಷ್ಯ. ದೋಷ ಒಂದೇ. ಸೃಷ್ಟಿಗೆ ಬೇಸಿಗೆ ರಜೆ ಬಂತೆಂದರೆ ಅವಳನ್ನು ಕರೆದೊಯ್ಯಲು ನನಗಿಂತ ಒಂದು ತಾಸು ಮೊದಲೇ ಬಂದು ಕುಳಿತಿರುತ್ತಾರೆ. ಹುಕ್ಕೇರಿಗೆ ನನ್ನ ಸಂಕೇಶ್ವರ ಹತ್ತಿರ, ಅವರ ಮೂಡಲಗಿ ದೂರ. ಆದರೂ ನಾನು ಬಸ್ಸಿಳಿದು ಹೋಗುವಷ್ಟರಲ್ಲಿ ಅವರ ಚೀಲದಿಂದ ಶೇಂಗಾ ಹೋಳಿಗೆ ಹೊರಗೆ ಬಂದಿರುತ್ತದೆ. ಇದು ನ್ಯಾಯವೇ?

ಈ ವರ್ಷ ಕೂಸೇ ನ್ಯಾಯ ಮಾಡಿತು. ಅವಳಿಗೆ ಅಪ್ಪ ಗುಡ್ಡ ಹತ್ತುವ ಗೇರ್ ಸೈಕಲ್ ಕೊಡಿಸಿದ್ದಾನೆ. "ಗೋಕಾಕದ ಬಾಜೂ ದೊಡ್ಡ ಅಡವಿ ಐತೆಲ್ಲಾ, ನವಿಲಿಗಂತ ಕಾಯ್ದಿಟ್ಟಿದ್ದು, ಅದರಾಗ ಸೈಕಲ್ ಹೊಡ್ಯಾಕ ಹೊಂಟೇನಿ. ಇಬ್ಬರೂ ಅಜ್ಜಾರು ಬರ್ರಿ. ಯಾರು ಮೊದಲು ಆಚೀ ಗೇಟ್ ಮುಟ್ತೀರಿ, ರಜಾ ಪೂರ್ತಿ ಅವರ ಮನ್ಯಾಗ ಇರ್ತೇನಿ" ಎಂದಳು. ನನ್ನ ಎದೆ ಉಬ್ಬಿತು. ಒಂದು ತಿಂಗಳು! ಪೂರ್ತಿ ಒಂದು ತಿಂಗಳು ಕೂಸು ನನ್ನ ಮನೆಯಲ್ಲಿ!

ಮಗ ಗೆಳೆಯರಿಂದ ನಮಗೂ ಎರಡು ಸೈಕಲ್ ತಂದುಕೊಟ್ಟ. ನೋಡಿ ನನಗೆ ಸಿಟ್ಟು ಬಂತು. ನಲವತ್ತು ವರ್ಷ ಸೈಕಲ್ ತುಳಿದವನು ನಾನು. ಹಿಂದೆ ಎರಡು ಹೊರೆ ಮೇವು, ಮುಂದೆ ಮಗ, ನಡುವೆ ಜಾಗ ಉಳಿದರೆ ನಾನು. ಈ ಸೈಕಲ್ಲಿಗೆ ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಗಂಟೆ ಇಲ್ಲ. ಸ್ಟ್ಯಾಂಡೂ ಇಲ್ಲ. ಇಳಿದರೆ ಹಸುಗೂಸಿನ ಹಾಗೆ ಹಿಡಿದುಕೊಂಡೇ ನಿಲ್ಲಬೇಕು.

"ಇದರ ಮ್ಯಾಲ ಏನ್ ಹೇರ್ಕೊಂಡು ಹೋಗೋದವಾ?"

"ಏನೂ ಹೇರಾಂಗಿಲ್ಲಜ್ಜಾ. ಸುಮ್ನ ಹೋಗೋದು."

ಸುಮ್ಮನೆ ಹೋಗುವುದಕ್ಕೆ ಇಪ್ಪತ್ತೊಂದು ಗೇರು! ಹೊರಡುವ ದಿನ ನಾನು ಧೋತರದ ಕಚ್ಚೆ ಬಿಗಿದೆ. ಟೋಪಿ ತೆಗೆಯುವುದಿಲ್ಲ ಎಂದದ್ದಕ್ಕೆ ಕೂಸು ಅದರ ಮೇಲೆಯೇ ಹೆಲ್ಮೆಟ್ ಕೂರಿಸಿತು. ಬೀಗರು ಮಾತ್ರ ಪ್ಯಾಂಟು ಹಾಕಿಕೊಂಡು ಬಂದಿದ್ದರು. ಹತ್ತಿದ ಕೂಡಲೇ ಕಟಕಟ ಎಂದು ಗೇರು ಬದಲಿಸಿದರು. ಮೂಡಲಗಿಯಲ್ಲಿ ಎಂಟು ದಿನದಿಂದ ಯಾರದೋ ಗೇರ್ ಸೈಕಲ್ ಮೇಲೆ ಕದ್ದು ಅಭ್ಯಾಸ ನಡೆದಿತ್ತೆಂದು ಆಗಲೇ ನನಗೆ ತಿಳಿದದ್ದು.

ಅಡವಿಯ ಹಾದಿ ಒಬ್ಬರು ಹೋಗುವಷ್ಟೇ ಅಗಲ. ಇನ್ನು ಬೀಗರ ಮರ್ಯಾದೆ ನಿಮಗೆ ಗೊತ್ತೇ ಇದೆ. ಬಾಗಿಲಿರಲಿ, ಊಟದ ಪಂಕ್ತಿಯಿರಲಿ, ನೀವು ಮುಂದೆ ಎನ್ನಬೇಕು, ಎದುರಿನವರು ಬೇಡ ಎನ್ನಬೇಕು. ಹೀಗೆ ಮೂರು ಸಲ ಆಗದೆ ಮುಂದೆ ಹೆಜ್ಜೆ ಇಟ್ಟವನನ್ನು ನಾಲ್ಕು ಊರಿನವರು ಆಡಿಕೊಳ್ಳುತ್ತಾರೆ.

"ನೀವ ಮುಂದ ನಡೀರಿ, ಬೀಗರ."

"ಛೇ ಛೇ, ನೀವ ನಡೀರಿ" ಎಂದೆ.

"ಗಂಡಿನ ಕಡ್ಯಾವ್ರು ನೀವು. ನಾ ಹ್ಯಾಂಗ ಮುಂದ ಹೋಗ್ಲಿ?"

ಮೂರನೆಯ ಸಲಕ್ಕೆ ನಾನೇ ಹೊರಟೆ, ಜೇಡರ ಬಲೆಯನ್ನು ಮುಖಕ್ಕೆ ಮೆತ್ತಿಸಿಕೊಂಡೆ. ಮುಂದಿನ ತಿರುವಿನಲ್ಲಿ ಜಾಲಿಮುಳ್ಳು, ಅಲ್ಲೂ ನಾನೇ ಗಂಡಿನ ಕಡೆಯವನು. ಉರುಳುಗಲ್ಲಿನ ಏರಿನಲ್ಲೂ ನಾನೇ. ಹಾದಿ ಅಗಲವಾಗಿ ಹಸನಾದಲ್ಲಿ ಮಾತ್ರ ಅವರಿಗೆ ಆ ಸಂಬಂಧವೇ ಮರೆತುಹೋಗಿ, ಸುಂಯ್ ಎಂದು ನನ್ನನ್ನು ದಾಟಿ ಹೋಗುತ್ತಿದ್ದರು! ಗುಡ್ಡದ ಮೇಲಿಂದ ಕೂಸು ಕೂಗಿತು: "ಅಜ್ಜಾ, ಮದುವಿ ಮುಗದು ಭಾಳ ವರ್ಷ ಆತು, ಲಗೂ ಬರ್ರಿ!"

ಕೊನೆಯ ಇಳಿಜಾರಿಗೆ ಬಂದಾಗ ಗೇಟು ಕಂಡಿತು, ಗೇಟಿನ ಬಳಿ ಸೃಷ್ಟಿ. ನಡುವೆ ಹಾಸಿದ ಹಾಗೆ ಮರಳು. ನಾನು ಗಟ್ಟಿಯಾಗಿ ಅಂದೆ, "ಈ ಸಲ ನೀವ ಮುಂದ ನಡೀರಿ, ಬೀಗರ." ಒಂದು ಸಲವೂ ಬೇಡ ಎನ್ನಲಿಲ್ಲ ಪುಣ್ಯಾತ್ಮರು! ಗೇಟು ಕಂಡಿತ್ತಲ್ಲ. ಹೊರಟರು, ಚಕ್ರ ಮರಳಿನಲ್ಲಿ ಹೂತಿತು, ಸೈಕಲ್ ಅಲ್ಲೇ ಉಳಿಯಿತು, ರುದ್ರಪ್ಪನವರು ಪೊದೆಯೊಳಗೆ ಹೋದರು.

"ಪೆಟ್ಟಾತೇನ್ರಿ?"

"ಏನಿಲ್ಲ, ಎಡ ಮೊಳಕಾಲು ತರಚೇತಿ ಅಷ್ಟ." ಪೊದೆಯೊಳಗಿಂದ ಮತ್ತೆ ಅದೇ ಮಾತು: "ನೀವ ಮುಂದ ನಡೀರಿ, ಬೀಗರ."

ನಾನು ಗೇಟು ನೋಡಿದೆ. ಪೊದೆ ನೋಡಿದೆ. ರುದ್ರಪ್ಪನವರು ನನಗಿಂತ ಎರಡು ವರ್ಷ ಹಿರಿಯರು, ಹಿರಿಯರ ಮಾತು ಮೀರುವುದು ನಮ್ಮ ಮನೆತನದಲ್ಲಿಲ್ಲ. ಸೈಕಲ್ ತಳ್ಳಿಕೊಂಡು ಮುಂದೆ ನಡೆದೆ.

"ಗೆದ್ದಿ ಅಜ್ಜಾ!" ಕೂಸು ಬಂದು ಅಪ್ಪಿಕೊಂಡಿತು. ಆ ಗಳಿಗೆಯ ಆನಂದವನ್ನು ನಾಲ್ಕನೆಯ ಇಯತ್ತೆಯವನು ಹೇಗೆ ಬರೆಯಲಿ? ಆಮೇಲೆ ಅದು ಹಿಂದೆ ನೋಡಿತು.

"ಮೂಡಲಗಿ ಅಜ್ಜ ಎಲ್ಲಿ? ಬಿದ್ದಾರೇನು?"

"ಸ್ವಲ್ಪ."

"ಸ್ವಲ್ಪ ಬೀಳೋದಂದ್ರ ಹ್ಯಾಂಗಜ್ಜಾ?"

ಸೈಕಲ್ ಎಸೆದು ಓಡಿದಳು. ಬೀಗರು ಅವಳ ಹೆಗಲು ಹಿಡಿದು ಕುಂಟುತ್ತ ಬಂದರು. ಗಮನಿಸಿ, ತರಚಿದ್ದು ಎಡಗಾಲು, ಕುಂಟಿದ್ದು ಬಲಗಾಲು! ಇದನ್ನು ನಾನು ಎಲ್ಲರಿಗೂ ಹೇಳಿದೆ. ಯಾರೂ ಕೇಳಲಿಲ್ಲ.

"ನಾ ಮೂಡಲಗಿಗೆ ಹೋಗ್ತೇನಿ. ಅಜ್ಜಗ ಅರಿಷಿಣ ಹಚ್ಚಬೇಕು."

"ಮತ್ತ ಶರ್ತು? ನಾ ಗೆದ್ದೇನಲ್ಲವಾ?"

"ಗೆದ್ದಿ. ಖರೆ ಬಿದ್ದಾವ್ರನ್ನ ಬಿಟ್ಟು ಬಂದಿ."

"ಅವರ ಅಂದಾರ, ಮುಂದ ನಡೀರಿ ಅಂತ!"

"ಎಷ್ಟ್ ಸಲ ಅಂದ್ರು ಅಜ್ಜಾ?"

ನಾನು ಹೆಲ್ಮೆಟ್ ತೆಗೆದು ಟೋಪಿ ಸರಿಪಡಿಸಿಕೊಂಡೆ.

ಈಗ ಕೂಸು ಮೂಡಲಗಿಯಲ್ಲಿದೆ. ದಿನವೂ ಫೋನು ಮಾಡುತ್ತದೆ, ಹಿಂದಿನಿಂದ ಬೀಗರ ನಗು ಕೇಳಿಸುತ್ತದೆ. ಆ ಸೈಕಲ್ಲನ್ನು ನಾನು ಇನ್ನೂ ಮರಳಿ ಕೊಟ್ಟಿಲ್ಲ. ಹಿತ್ತಲಲ್ಲಿ ಒಣ ಜೋಳದ ಕಣಕಿಯ ಮೆತ್ತೆ ಹಾಸಿ ಮುಂಜಾನೆ ಹೊತ್ತು ಸೈಕಲ್ಲಿನಿಂದ ಅದರ ಮೇಲೆ ಬೀಳುತ್ತಿದ್ದೇನೆ. "ನಲವತ್ತು ವರ್ಷ ಬೀಳಲಾರದಂಗ ಹೊಡದ್ರಿ, ಈಗೇನ್ ಬಂದೈತ್ರಿ ನಿಮಗ?" ಎನ್ನುತ್ತಾಳೆ ನಮ್ಮಾಕಿ. ದೀಪಾವಳಿ ರಜೆಗೆ ತಯಾರಿ ಎಂದು ಅವಳಿಗೆ ಹೇಗೆ ಹೇಳಲಿ? ಬೀಳುವುದು ಬಹುತೇಕ ಬಂದಿದೆ. ಕುಂಟುವುದು ಯಾವ ಕಾಲು ಎಂಬುದನ್ನು ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಬೀಗರಿಗೆ ನಡೆದದ್ದು ನನಗೆ ನಡೆಯುವುದಿಲ್ಲ.