ಮುನಿಯಪ್ಪನ ಮೋಟಾರು, ನನ್ನ ಕಂಪ್ಯೂಟರು

ನನಗೆ ಸಿಟ್ಟು ಬಂದರೆ ಮೊದಲು ಬೇಕಾಗುವುದು ಬೈಯಲು ಒಬ್ಬ ಮನುಷ್ಯ. ಕಾರಣ ನಿಧಾನವಾಗಿ ಸಿಕ್ಕರೂ ನಡೆಯುತ್ತದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನಿಗೆ ಇದು ಶೋಭೆಯಲ್ಲ, ಗೊತ್ತು. ಆದರೆ ಅವತ್ತು ನನ್ನ ಹಳೆಯ ಕಂಪ್ಯೂಟರು ಏಳಲೇ ಇಲ್ಲ. ಕೀಬೋರ್ಡಿನ ಹೊಟ್ಟೆಯಲ್ಲೇ ಇಡೀ ಯಂತ್ರವಿರುವ, ಟಿ.ವಿ.ಗೆ ಸಿಕ್ಕಿಸಿ, ಕ್ಯಾಸೆಟ್ಟಿನಿಂದ ಓಡಿಸುವ ಆ ಕಾಲದ ಸಾಮಾನು ಅದು. ಆವನಿ ಊರಿನ ಈ ಮನೆಯಲ್ಲಿ ನಾನು ಹೇಳಿದಂತೆ ಕೇಳುವುದು ಅದೊಂದೇ. ಅದೂ ಕೈಕೊಟ್ಟರೆ ಮೈ ಉರಿಯುವುದಿಲ್ಲವೇ?

ಮೀಟರು ಹಚ್ಚಿ ನೋಡಿದೆ. ಐದು ವೋಲ್ಟ್ ಕೊಡಬೇಕಾದ ಪವರ್ ಸಪ್ಲೈ ಡಬ್ಬಿ ಎರಡರ ಹತ್ತಿರ ತೂಕಡಿಸುತ್ತಿತ್ತು. ವೈರು ಬದಲಿಸಿದೆ, ಫ್ಯೂಸು ಬದಲಿಸಿದೆ, ಡಬ್ಬಿಯನ್ನು ಹಜಾರಕ್ಕೂ ಅಡುಗೆಮನೆಗೂ ಹೊತ್ತು ತಿರುಗಿದೆ. ಬಿಚ್ಚಿ ನೋಡುವ ತಾಳ್ಮೆ ಮಾತ್ರ ಇರಲಿಲ್ಲ. ಅಷ್ಟರಲ್ಲಿ ಪಕ್ಕದ ತೋಟದಲ್ಲಿ ಮುನಿಯಪ್ಪನ ಬೋರ್‌ವೆಲ್ ಮೋಟಾರು ಗುಂಯ್ ಎಂದಿತು. ನಮ್ಮ ಬಲ್ಬು ಮಂಕಾಯಿತು. ಸಿಕ್ಕಿಬಿದ್ದ ಆಸಾಮಿ! ಕಾಂಪೌಂಡಿನ ಹತ್ತಿರ ಹೋಗಿ, ಅವನ ಕೂಲಿಯವರ ಎದುರಿಗೇ ಕೂಗಾಡಿದೆ. "ಏನ್ಲಾ ಮುನಿಯಪ್ಪ, ನೀನು ಮೋಟ್ರು ಹಾಕಿದಾಗೆಲ್ಲ ವೋಲ್ಟೇಜ್ ಬೀಳ್ತದೆ. ನನ್ನ ಮೆಷಿನ್ ಸುಟ್ಟು ಹಾಕಿದೆಯಲ್ಲೋ!"

"ತಪ್ಪಾಯ್ತು ಮೇಷ್ಟ್ರೇ, ನಂಗೆ ತಿಳೀಲಿಲ್ಲ. ನಿಮ್ದು ರಿಪೇರಿ ಆಗೋ ಗಂಟ ಹಾಕಲ್ಲ ಬಿಡಿ," ಎಂದು ಅವನು ಸ್ಟಾರ್ಟರು ಆಫ್ ಮಾಡಿಯೇಬಿಟ್ಟ. ಅವನಿಗೆ ಮೋಟಾರಿನ ಕರೆಂಟು ಬರುವುದೇ ಬೆಳಗಿನ ಕೆಲವು ಗಂಟೆ. ಆಗಷ್ಟೇ ನೆಟ್ಟ ಟೊಮೇಟೊ ಸಸಿಗಳು ಬೇರೆ. ತಿರುಗಿ ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮೂರನೆಯ ದಿನ ಡಬ್ಬಿಯನ್ನು ಮುಳಬಾಗಿಲಿನ ಮೋಟಾರ್ ವೈಂಡಿಂಗ್ ಅಂಗಡಿಗೆ ಒಯ್ದೆ. ಅಂಗಡಿಯ ರೆಡ್ಡಪ್ಪ ನಾಲ್ಕು ಸ್ಕ್ರೂ ಬಿಚ್ಚಿದವನೇ ಮೂಗು ಮುಚ್ಚಿಕೊಂಡ. "ಏನ್ ಸಾರ್ ಇದು, ಪೆರುಗು! ಕರೆಂಟ್ ಡಬ್ಬೀಲಿ ಮೊಸರಿಗೆ ಹೆಪ್ಪು ಹಾಕಿದ್ರಾ?" ಒಳಗೆ ಟ್ರಾನ್ಸ್‌ಫಾರ್ಮರಿನ ಸುತ್ತ ಹಾಲು ಒಡೆದು, ಒಣಗಿ, ಕರಕಲಾಗಿತ್ತು.

ಮನೆಗೆ ಬಂದು ಹೆಂಡತಿ ಸರೋಜಳ ಮೇಲೆ ಹಾರಾಡಿದೆ. ಅವಳು ಅವರೆಕಾಯಿ ಬಿಡಿಸುತ್ತಲೇ ಹೇಳಿದಳು: "ಚಳಿಗೆ ಮೊಸರು ನೀರಾಗ್ತದೆ ಅಂತ ದಿನಾ ಗೊಣಗ್ತಿದ್ದೋರು ಯಾರು? ಈ ಡಬ್ಬಿ ಬೆಚ್ಚಗಿರ್ತದೆ, ಹೆಪ್ಪು ಹಾಕಿದ ಪಾತ್ರೆ ಇದರ ಮೇಲಿಡು ಕಣೇ ಅಂದೋರು ಯಾರು? ಪಾತ್ರೆ ಎತ್ತುವಾಗ ಹಾಲು ತುಳುಕಿಸಿ ಪಂಚೇಲಿ ಒರೆಸಿದ್ದೂ ನೀವೇ. ನಾನು ನೋಡ್ಲಿಲ್ಲ ಅಂದ್ಕೊಂಡ್ರಾ?" ಹಾಗೆಯೇ ಅಂದುಕೊಂಡಿದ್ದೆ. ಬೈಯಲು ಇನ್ನು ಯಾರೂ ಉಳಿದಿರಲಿಲ್ಲ.

ರೆಡ್ಡಪ್ಪ ಸುಟ್ಟ ಸುರುಳಿಯನ್ನು ಹೊಸದಾಗಿ ಸುತ್ತಿಕೊಟ್ಟ; ಕಂಪ್ಯೂಟರು ಎದ್ದಿತು. ಮುನಿಯಪ್ಪನಿಗೆ ನಿಜ ಹೇಳಿ ಕ್ಷಮೆ ಕೇಳೋಣವೆಂದು ಕಾಂಪೌಂಡಿಗೆ ಹೋದೆ. ಗಂಡಹೆಂಡಿರಿಬ್ಬರೂ ಬಾಡಿದ ಸಸಿಗಳಿಗೆ ಬಿಂದಿಗೆಯಲ್ಲಿ ನೀರು ಹೊತ್ತು ಹಾಕುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವನು, "ಮೆಷಿನ್ ಸರಿಹೋಯ್ತಾ ಮೇಷ್ಟ್ರೇ? ಮೋಟ್ರು ಹಾಕ್ಲಾ?" ಎಂದ. "ಹಾಕಪ್ಪ," ಎಂದೆ. ಅಷ್ಟೇ ಹೊರಟಿದ್ದು ಬಾಯಿಂದ. ಅಂದಿನಿಂದ ದಿನಾ ಬೆಳಿಗ್ಗೆ ಅವನು ಕೇಳುತ್ತಾನೆ, ನಾನು ದೊಡ್ಡ ಅಧಿಕಾರಿಯಂತೆ ಅಪ್ಪಣೆ ಕೊಡುತ್ತೇನೆ. ಇಷ್ಟು ಒಳ್ಳೆಯವನಾಗಿರು ಎಂದು ಇವನಿಗೆ ಹೇಳಿದವರು ಯಾರು? ನೆನೆದರೆ ಈಗಲೂ ರೇಗುತ್ತದೆ.

ಮೊನ್ನೆ, ಏನಾದರಾಗಲಿ ಹೇಳಿಯೇಬಿಡುವುದೆಂದು ಗಟ್ಟಿ ಮನಸ್ಸು ಮಾಡಿ ಬಾಗಿಲು ತೆರೆದೆ. ಮೊದಲ ಕೊಯ್ಲಿನ ಟೊಮೇಟೊ ಬುಟ್ಟಿ ಹಿಡಿದು ಅವನೇ ನಿಂತಿದ್ದ. "ದಿನಾ ಮೋಟ್ರು ಹಾಕೋಕೆ ಬಿಟ್ರಲ್ಲ ಮೇಷ್ಟ್ರೇ, ಅದಕ್ಕೇ ತಂದೆ."

ಬುಟ್ಟಿ ಇಸಿದುಕೊಂಡೆ.