ರಾಜಧಾನಿ ಬಿಟ್ಟುಕೊಟ್ಟ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಒಂದು ಕಾಲಕ್ಕೆ ನಲವತ್ತು ಗ್ರಹಗಳನ್ನು ಆಳುತ್ತಿದ್ದರು ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಆ ಸಾಮ್ರಾಜ್ಯದಲ್ಲಿ ಒಂದು ವರ್ಷ ಬದುಕಿದವನು ನಾನು. ನನಗೆ ನಗಲು ತ್ರಾಣ ಉಳಿದಿಲ್ಲ.

ಚಿಕ್ಕಪ್ಪ ದಿಲ್ಲಿಯಲ್ಲಿ ಕೇಂದ್ರ ಸರ್ಕಾರದ ಸೆಕ್ಷನ್ ಆಫೀಸರ್. ಚಿಕ್ಕಮ್ಮನೂ ಸರ್ಕಾರಿ ನೌಕರರೇ, ಆದರೆ ಬೇರೆ ಇಲಾಖೆ. ಬಡ್ತಿ ಕೊಟ್ಟು ಅವರನ್ನು ಶಿಲ್ಲಾಂಗಿಗೆ ಎತ್ತಿಹಾಕಿದ್ದರು. ಗಂಡಹೆಂಡಿರು ಒಂದೇ ಊರಲ್ಲಿರಬೇಕೆಂದು ಅವರನ್ನು ದಿಲ್ಲಿಗೆ ಕರೆಸಲು ಅರ್ಜಿ ಹಾಕಿ ಮೂರು ವರ್ಷವಾಗಿತ್ತು. 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಮಾತ್ರ ತಪ್ಪದೆ ಬರುತ್ತಿತ್ತು.

ದಿಲ್ಲಿಯ ಮಯೂರ್ ವಿಹಾರದ ಚಿಕ್ಕಪ್ಪನ ಫ್ಲ್ಯಾಟಿನಲ್ಲಿ ಒಂದು ಕೋಣೆ ಹಿಡಿದಿದ್ದೆ ನಾನು. ಕೆಲಸ ಗುರ್ಗಾಂವಿನಲ್ಲಿ, ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಕ್ಯಾಬಿನಲ್ಲಿ ಕೂತು ಕೂತು ಸೊಂಟ ಹಿಡಿದುಹೋದ ಮೇಲೆ, ಶನಿವಾರಕ್ಕಾದರೂ ಒಂದು ಸುಖ ಇರಲಿ ಎಂದು ಕಂಪ್ಯೂಟರ್ ಆಟದ ಸಿ.ಡಿ. ತಂದೆ. ಬಾಹ್ಯಾಕಾಶದಲ್ಲಿ ನೌಕೆ ಕಟ್ಟಿ, ಗ್ರಹ ಗೆದ್ದು, ಶತ್ರುವನ್ನು ಹೊಡೆಯುವ ಆಟ. ಗುಂಡಿ ಒತ್ತಿದರೆ ನಮ್ಮ ಸರದಿ ಮುಗಿದು ಶತ್ರುವಿನ ಸರದಿ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು! ಸ್ನಾನ ಮುಗಿಸಿ ಬರುವಷ್ಟರಲ್ಲಿ ಚಿಕ್ಕಪ್ಪ ನನ್ನ ಕುರ್ಚಿಯಲ್ಲಿದ್ದರು. ಆಮೇಲೆ ಆ ಕುರ್ಚಿ ನನಗೆ ಸಿಗಲಿಲ್ಲ.

ಆಡಿದ್ದಾದರೂ ಏನು? ನೌಕೆಗಳಿಗೆಲ್ಲ ನೆಂಟರ ಹೆಸರಿಟ್ಟು, ಯಾರು ಯಾವ ಗ್ರಹದಲ್ಲಿ ಎಷ್ಟು ಕಾಲದಿಂದ ಇದ್ದಾರೆಂದು ಹಾಳೆಯಲ್ಲಿ ಬರೆದು, ವರ್ಗಾವಣೆ ಆದೇಶ ಹೊರಡಿಸುವುದು! ಶತ್ರು ಬಾಗಿಲಿಗೆ ಬಂದರೂ ಗಂಡಹೆಂಡಿರನ್ನು ಬೇರೆ ಬೇರೆ ಕಡೆ ಹಾಕುವಂತಿಲ್ಲ. ಸೋದರತ್ತೆಯ ನೌಕೆಯೊಂದನ್ನೇ ಕಳಿಸಿ, ಶತ್ರು ತಾನಾಗಿ ಓಡುತ್ತಾನೆ ಎಂದು ನಾನು ಸಲಹೆ ಕೊಟ್ಟೆ. ಅವರು ನಗಲಿಲ್ಲ.

ನನ್ನ ಹೆಸರಿನದು ಒಂದು ಮುದಿ ಸರಕುನೌಕೆ. ರಾಜಧಾನಿಯಲ್ಲಿ ಸುಮ್ಮನೆ ಬಿದ್ದಿತ್ತು. ಅವಮಾನವಾಗಿ ಕಾರಣ ಕೇಳಿದೆ.

"ನೀನು ದಿನಾ ಗುರ್ಗಾಂವಿಗೆ ಓಡಾಡೋದು ಸಾಲದಾ? ಇದಾದ್ರೂ ಮಲಗಿರ್ಲಿ ಬಿಡು" ಎಂದರು.

ಚಿಕ್ಕಮ್ಮನ ನೌಕೆಯದೇ ದೊಡ್ಡ ಗೋಳು. ಆಡಲು ಇನ್ನೂ ಸರಿಯಾಗಿ ಬರದಿದ್ದಾಗ ಎಲ್ಲಕ್ಕಿಂತ ಮೊದಲು ಅದನ್ನೇ ಆಕಾಶದ ತುದಿಗೆ ಕಳಿಸಿಬಿಟ್ಟಿದ್ದರು. ಆಮೇಲೆ ಶತ್ರು ನಡುದಾರಿ ಮುಚ್ಚಿದ. ಒಂದು ಶನಿವಾರ ಫೋನಿನಲ್ಲಿ ಹೆಂಡತಿಗೆ, ನಿನ್ನ ನೌಕೆ ಕ್ಷೇಮವಾಗಿದೆ, ಸ್ವಲ್ಪ ದೂರದಲ್ಲಿದೆ ಅಷ್ಟೆ ಎಂದು ಹೆಮ್ಮೆಯಿಂದ ವರದಿ ಒಪ್ಪಿಸಿದರು. ಆ ಕಡೆಯಿಂದ ಬಂದ ಮಾತು ನನಗೂ ಕೇಳಿಸಿತು.

"ಅಲ್ಲೂ ನನ್ನನ್ನ ದೂರಾನೇ ಹಾಕಿದೀರಾ?"

ಚಿಕ್ಕಪ್ಪ ಆ ದಿನ ಊಟ ಸರಿಯಾಗಿ ಮಾಡಲಿಲ್ಲ.

ಮುಂದಿನ ಶನಿವಾರ, ತಮ್ಮ ಹೆಸರಿನದನ್ನೂ ಸೇರಿಸಿ ರಾಜಧಾನಿ ಕಾಯುತ್ತಿದ್ದ ಅಷ್ಟೂ ನೌಕೆಗಳನ್ನು ಆ ತುದಿಗೆ ಹೊರಡಿಸಿದರು. ಪಡೆಯಾದರೋ ಆಮೆಯ ಹಾಗೆ ತೆವಳಿತು; ಏಕೆಂದು ನನಗೆ ತಿಳಿಯಲಿಲ್ಲ. ದಾರಿಯಲ್ಲಿ ಅತ್ತೆ ಮಾವ ಜೊತೆಯಾಗಿಯೇ ಸುಟ್ಟುಹೋದರು. ಇತ್ತ ಬರಿದಾದ ರಾಜಧಾನಿಗೆ ಶತ್ರು ಆರಾಮವಾಗಿ ನಡೆದು ಬಂದ. ಒಂದು ನೌಕೆಗಾಗಿ ಇಡೀ ರಾಜ್ಯ ಹಾಳು ಮಾಡಿದಿರಲ್ಲ ಎಂದು ನಾನು ರೇಗಿದೆ.

"ಅವಳು ಎಷ್ಟು ದಿನ ಅಂತ ಒಬ್ಬಳೇ ಇರ್ಬೇಕು? ರಾಜಧಾನಿ ಹೋದ್ರೆ ಹೋಗ್ಲಿ ಬಿಡು" ಎಂದು ಕಂಪ್ಯೂಟರ್ ಆರಿಸಿದರು.

ಸೋಮವಾರ ಕಚೇರಿಯಲ್ಲಿ ಹೊಸ ಅರ್ಜಿ ಕೊಟ್ಟು ಬಂದರು: ಬರಲಿರುವ ಬಡ್ತಿ ಬೇಡ, ನನ್ನನ್ನೇ ಶಿಲ್ಲಾಂಗಿಗೆ ಹಾಕಿ. ದಿಲ್ಲಿಗೆ ಬರುತ್ತೇನೆಂದವರ ಫೈಲು ಮೂರು ವರ್ಷ ಮಲಗಿತ್ತು. ದಿಲ್ಲಿ ಬಿಡುತ್ತೇನೆಂದವರದು ಹದಿನೈದೇ ದಿನಕ್ಕೆ ಸಹಿಯಾಗಿ ಬಂತು!

ಅವರು ಹೋದ ಮೇಲಿನ ಶನಿವಾರ ಕುರ್ಚಿ ನನ್ನದಾಯಿತು. ಹೊಸದಾಗಿ ಆಡೋಣವೆಂದು ಅವರ ಆಟವನ್ನು ಅಳಿಸಲು ತೆರೆದೆ. ಆಕಾಶದ ತುದಿಯಲ್ಲಿ ಚಿಕ್ಕಮ್ಮನ ನೌಕೆ, ಪಕ್ಕದಲ್ಲೇ ಚಿಕ್ಕಪ್ಪನದು. ಅವೆರಡರ ನಡುವೆ ನನ್ನ ಹೆಸರಿನ ಮುದಿ ನೌಕೆ! ರಾಜಧಾನಿಯ ಜೊತೆಗೇ ಸುಟ್ಟುಹೋಗಿದೆ ಎಂದುಕೊಂಡಿದ್ದೆ. ಅದನ್ನು ಬಿಟ್ಟು ಬರಲಾರದೆ ಇಡೀ ಪಡೆಯನ್ನು ಅದರ ನಡಿಗೆಯಲ್ಲೇ ನಡೆಸಿದ್ದರು ಪುಣ್ಯಾತ್ಮ. ಖಾಲಿ ಮನೆಯಲ್ಲಿ ಕೂತು ಅತ್ತುಬಿಟ್ಟೆ.

ಗುಂಡಿ ಒತ್ತಿದರೆ ಶತ್ರುವಿನ ಸರದಿ. ನಾನು ಈವರೆಗೂ ಒತ್ತಿಲ್ಲ.