ಲಿಂಗಯ್ಯನ ಗುಟ್ಟುಪದ

ಚನ್ನಮಲ್ಲಮ್ಮನಿಗೆ ಸತ್ತ ಗಂಡನ ಮೇಲೆ ಒಂದೇ ದೂರು. ಇಪ್ಪತ್ತು ವರ್ಷ ಸಂಸಾರ ಮಾಡಿದ ಲಿಂಗಯ್ಯ ಒಂದು ಸಲವೂ ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ. 'ಇಲ್ಲಿ ನೋಡು' ಅನ್ನುವುದೇ ಅವಳ ಹೆಸರಾಗಿತ್ತು. (ಎಮ್ಮೆಗೆ ಮಾತ್ರ ಗೌರಿ ಎಂಬ ಚೆಂದದ ಹೆಸರಿತ್ತು.)

ಅವನು ತಾಳವಾಡಿಯ ಸೊಸೈಟಿ ಆಫೀಸಿನಲ್ಲಿ ಯೂನಿಕ್ಸ್ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಅವನು ಹೋದ ಮೇಲೆ ಆ ಕೋಣೆ ಗುಡಿಸುವ ಕೆಲಸ ಅವಳಿಗೆ ಸಿಕ್ಕಿತು. ೧೯೮೮ರಲ್ಲಿ ಗುರುಸ್ವಾಮಿ ಎಂಬ ಹೊಸ ಅಧಿಕಾರಿ ಬಂದರು. ಆ ಮಷೀನಿನೊಳಗೆ ಎಲ್ಲವನ್ನೂ ತಿದ್ದುವ ಯಜಮಾನಿಕೆ ಎಲ್ಲರಿಗೂ ಇಲ್ಲ, ಒಂದು ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಅದರಲ್ಲಿದ್ದದ್ದು ವರ್ಗವಾಗಿ ಹೋದ ಹಳೆಯ ಅಧಿಕಾರಿಯ ಹೆಸರು ಮತ್ತು ಲಿಂಗಯ್ಯನದು. ಸತ್ತವರ ಹೆಸರು ಇರಬಾರದು, ತೆಗೆಯುತ್ತೇನೆ ಎಂದರು ಗುರುಸ್ವಾಮಿ.

ಅವಳು ಪೊರಕೆ ಹಿಡಿದೇ ಅಡ್ಡ ನಿಂತಳು. "ರೇಷನ್ ಕಾರ್ಡಲ್ಲಿ ಎಸ್ರು ಒಡೆದಾಕುದ್ರು, ಓಟರ್ ಲಿಸ್ಟಲ್ಲೂ ಒಡೆದಾಕುದ್ರು. ಇದೊಂದ್ರಲ್ಲಾದ್ರೂ ನಮ್ಮೋರು ಇರ್ಲಿ ಬುಡಿ ಸಾಮಿ."

ಅವರು ಬಿಡಲಿಲ್ಲ. ಮಷೀನೂ ಅವರನ್ನು ಒಳಗೆ ಬಿಡಲಿಲ್ಲ. ಯಜಮಾನಿಕೆಯ ಗುಟ್ಟುಪದ, ಅಂದರೆ ಪಾಸ್‌ವರ್ಡ್, ಅಂಟಿಸಿದ ಲಕೋಟೆಯಲ್ಲಿ ಅವರ ಕೈಗೆ ಬಂದಿತ್ತು. ಒತ್ತಿದರೆ, ನೀವು ಪಟ್ಟಿಯಲ್ಲಿಲ್ಲ ಎಂದು ಹೊರಗೆ ತಳ್ಳಿತು. ಪಟ್ಟಿಯಲ್ಲಿದ್ದವರು ಮೊದಲು ತಮ್ಮ ಸ್ವಂತ ಗುಟ್ಟುಪದದಿಂದ ಒಳಗೆ ಹೋಗಿ, ಆಮೇಲೆ ಇದನ್ನು ಒತ್ತಿದರಷ್ಟೇ ಅದು ಒಪ್ಪುತ್ತಿತ್ತು. ಹಳೆಯ ಅಧಿಕಾರಿಗೆ ಫೋನು ಮಾಡಿದರೆ, ತಮ್ಮ ಸ್ವಂತ ಗುಟ್ಟುಪದವೇ ಮರೆತುಹೋಗಿದೆ ಎಂದರು. ಲಿಂಗಯ್ಯನನ್ನು ಹೊರಗೆ ಹಾಕಬೇಕಾದರೂ ಲಿಂಗಯ್ಯನ ಹೆಸರಲ್ಲೇ ಒಳಗೆ ಹೋಗಬೇಕು. (ಬದುಕಿದ್ದಾಗ ಅವನಿಗೆ ಇಷ್ಟು ಬೆಲೆ ಯಾರೂ ಕೊಟ್ಟಿರಲಿಲ್ಲ.)

ಅವನ ಗುಟ್ಟುಪದ ಏನಿರಬಹುದೆಂದು ಗುರುಸ್ವಾಮಿ ಅವಳನ್ನೇ ಕೇಳಿದರು. ಸಿಗುವುದಿಲ್ಲವೆಂಬ ಧೈರ್ಯದಲ್ಲಿ ಅವಳು ಧಾರಾಳವಾಗಿ ಹೇಳಿದಳು: ಮನೆದೇವರು, ಅತ್ತೆಯ ಹೆಸರು, ಕೊನೆಗೆ ಎಮ್ಮೆಯದು. ಯಾವುದಕ್ಕೂ ತೆರೆಯಲಿಲ್ಲ.

"ನಿಮ್ಮೆಸ್ರು ಆಕಿ ನೋಡ್ಲಾ ಅಮ್ಮ?"

"ನನ್ನೆಸ್ರಾ? ಅದು ಅವ್ರಿಗೆ ಗೊತ್ತಿದ್ರೆ ತಾನೆ," ಎಂದು ನಕ್ಕಳು.

ಗುರುಸ್ವಾಮಿ ಒತ್ತಿದರು. ತೆರೆಯಿತು.

ಅವಳ ನಗು ನಿಂತಿತು. ಗಂಡ ದಿನಾ ಬೆಳಿಗ್ಗೆ ಇದನ್ನೇ ಒತ್ತುತ್ತಿದ್ದನಾ ಎಂದು ಕೇಳಿದಳು. ದಿನಾ, ಎಂದರು ಗುರುಸ್ವಾಮಿ. ಆಮೇಲೆ, ತಮ್ಮ ಹೆಸರು ಸೇರಿಸಿಕೊಳ್ಳುತ್ತೇನೆ, ಲಿಂಗಯ್ಯನದೂ ಇರಲಿ ಎಂದರು.

"ಬ್ಯಾಡ, ತಗುದ್ಬುಡಿ. ಇದ್ರ ಮುಂದೆ ದಿನಾ ಕರುದ್ರಂತೆ. ನನ್ ಮುಂದೆ ಬಾಯಿ ಬುಡಕ್ ಆಗ್ನಿಲ್ವಾ?"

ತೆಗೆದರು. ಮರುದಿನ ಅವಳು ಕೋಣೆ ಗುಡಿಸಿ, ಮೇಜು ಕುರ್ಚಿ ಎಲ್ಲ ಒರೆಸಿ, ಆ ಸವತಿ ಮಷೀನನ್ನು ಮಾತ್ರ ಮುಟ್ಟದೆ ಬಾಗಿಲವರೆಗೆ ಬಂದಳು. ನಿಂತಳು. ಹಿಂದಿರುಗಿ ಹೋಗಿ ಸೆರಗಿನಿಂದ ಅದರ ಗುಂಡಿಗಳನ್ನು ಒರೆಸತೊಡಗಿದಳು. ತನ್ನ ಹೆಸರಿನ ಅಕ್ಷರಗಳು ಯಾವುವೆಂದು ಓದಲು ಅವಳಿಗೆ ಬರುತ್ತಿರಲಿಲ್ಲ. ಅದಕ್ಕೇ ಎಲ್ಲವನ್ನೂ ಒರೆಸಿದಳು.